ಶೆರ್ಪಾ ಟಿ ಫೋರ್ಕ್: ಮೊದಲು ಉಜ್ಜಾಟ ಬಿಡಿಸಿ, ಆಮೇಲೆ ಸ್ಪ್ರಿಂಗ್ ಹಾಕಿ

ಬಂಡೆ, ತೊರೆ ದಾಟುವ ಟ್ರಯಲ್ಸ್ ಆಟದ ಹಳೇ ಬೈಕಿನ ಮುಂಭಾಗ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನಿಸಿದ ಕೂಡಲೇ ಹೆಚ್ಚಿನವರು ಹೊಸ ಸ್ಪ್ರಿಂಗ್ ತರಿಸುತ್ತಾರೆ. ಕೆಲವರು ಈಚಿನ ಬೈಕಿನ ದಪ್ಪ ಫೋರ್ಕ್ (ಮುಂಚಕ್ರ ಹಿಡಿದು ಪೆಟ್ಟು ನುಂಗುವ ಜೋಡಿ ಕಾಲು) ಹುಡುಕಲು ಹೊರಡುತ್ತಾರೆ. ನನ್ನ ಪ್ರಕಾರ ಎರಡೂ ಆಮೇಲಿನ ಮಾತು. 1970ರ ದಶಕದ ಫೋರ್ಕ್‌ಗಳಲ್ಲಿ ಮುಕ್ಕಾಲುಪಾಲು ಕಾಯಿಲೆ ಉಜ್ಜಾಟದ್ದು: ಬಾಗಿದ ಪೈಪು, ತಿರುಚಿದ ಟೀ (ಎರಡೂ ಪೈಪನ್ನು ಹಿಡಿದಿಡುವ ಅಡ್ಡತುಂಡು), ಎಳೆದು ಕಟ್ಟಿದ ಮಡ್‌ಗಾರ್ಡ್, ಬಿಗಿಯಾದ ಸೀಲು. ಅದನ್ನು ಹಾಗೇ ಬಿಟ್ಟು ಸ್ಪ್ರಿಂಗ್ ಬದಲಿಸಿದರೆ ದುಡ್ಡು ಹೋಗುತ್ತದೆ, ಫೋರ್ಕ್ ಇದ್ದ ಹಾಗೇ ಇರುತ್ತದೆ. ಮೊದಲು ಉಜ್ಜಾಟ, ಆಮೇಲೆ ಸ್ಪ್ರಿಂಗ್, ಅದಾದ ಮೇಲೆ ಆಯಿಲ್ ಮಟ್ಟ, ಕೊನೆಗೆ ಡ್ಯಾಂಪಿಂಗ್, ಅಂದರೆ ಏರಿಳಿತಕ್ಕೆ ಆಯಿಲ್ ಒಡ್ಡುವ ತಡೆ. ಈ ಸಾಲು ತಪ್ಪಿಸಬಾರದು.

ಇಲ್ಲಿ ಉದಾಹರಣೆಗೆ ಹಿಡಿದಿರುವುದು ಬುಲ್ಟಾಕೋ ಶೆರ್ಪಾ ಟಿ, ಅದರ 35 ಮಿ.ಮೀ. ಬೆಟೋರ್ (ಸ್ಪೇನಿನ ಫೋರ್ಕ್ ಕಂಪನಿ) ಫೋರ್ಕ್. ಫ್ರಾನ್ಸಿಸ್ಕೋ ಬುಲ್ಟೋ 1958ರಲ್ಲಿ ಬಾರ್ಸಿಲೋನಾ ಬಳಿ ಶುರುಮಾಡಿದ ಕಂಪನಿ ಬುಲ್ಟಾಕೋ. ಉತ್ತರ ಐರ್ಲೆಂಡಿನ ಸ್ಯಾಮಿ ಮಿಲ್ಲರ್ 1964ರಲ್ಲಿ ಅವರ ಜೊತೆ ಕೂತು ಈ ಬೈಕ್ ರೂಪಿಸಿದರು, 1965ರಲ್ಲಿ ಇದರ ಮೇಲೇ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ ಗೆದ್ದರು. ಅಲ್ಲಿಯವರೆಗೆ ಬ್ರಿಟಿಷರ ಭಾರದ ಫೋರ್-ಸ್ಟ್ರೋಕ್‌ಗಳದ್ದೇ ರಾಜ್ಯಭಾರವಾಗಿದ್ದ ಆಟ ಆಮೇಲೆ ಹಗುರ ಟೂ-ಸ್ಟ್ರೋಕ್‌ಗಳ ಕಡೆ ವಾಲಿತು. 1975ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಶುರುವಾದಾಗ ಮೊದಲ ಐದು ವರ್ಷವೂ ಗೆದ್ದದ್ದು ಬುಲ್ಟಾಕೋ: 1975ರಲ್ಲಿ ಮಾರ್ಟಿನ್ ಲ್ಯಾಂಪ್ಕಿನ್, 1976ರಿಂದ 78ರವರೆಗೆ ಫಿನ್ಲೆಂಡಿನ ಯರ್ಯೋ ವೆಸ್ಟೆರಿನೆನ್, 1979ರಲ್ಲಿ ಅಮೆರಿಕದ ಬರ್ನಿ ಶ್ರೈಬರ್. ಹಿಂಚಕ್ರಕ್ಕೆ ಎರಡು ಶಾಕ್ ಇರುವ (ಟ್ವಿನ್‌ಶಾಕ್) ಹಳೇ ಬೈಕುಗಳ ಸ್ಪರ್ಧೆ ಇಂಗ್ಲೆಂಡ್, ಸ್ಕಾಟ್ಲೆಂಡ್, ಸ್ಪೇನ್‌ಗಳಲ್ಲಿ ಇವತ್ತಿಗೂ ನಡೆಯುತ್ತದೆ, ಶೆರ್ಪಾ ಅಲ್ಲಿ ಕಾಯಂ ಅತಿಥಿ.

ಟ್ರಯಲ್ಸ್ ಅಂದರೆ ರೇಸಲ್ಲ. ಬಂಡೆ, ತೊರೆ, ಮರದ ಬೇರುಗಳ ನಡುವೆ ಗುರುತು ಹಾಕಿದ ಸೆಕ್ಷನ್‌ಗಳನ್ನು ಕಾಲು ನೆಲಕ್ಕೆ ಊರದೆ ದಾಟಬೇಕು. ಒಮ್ಮೆ ಊರಿದರೆ 1, ಎರಡು ಸಲಕ್ಕೆ 2, ಅದಕ್ಕೂ ಹೆಚ್ಚಾದರೆ 3, ಸೆಕ್ಷನ್ ದಾಟಲಾಗದಿದ್ದರೆ 5. ಅಂಕ ಕಡಿಮೆ ಇದ್ದವರು ಗೆದ್ದಂತೆ. ವೇಗ ನಡಿಗೆಯಷ್ಟು. ಸವಾರ ನಿಂತೇ ಇರುತ್ತಾರೆ. ಮುಂದಿನ 21 ಇಂಚಿನ ಚಕ್ರದ ಟೈರಿನಲ್ಲಿ ಗಾಳಿ 6-7 ಪಿಎಸ್‌ಐ ಮಾತ್ರ. ಹೀಗಾಗಿ ಫೋರ್ಕ್‌ನಿಂದ ಕೇಳುವುದೇ ಬೇರೆ. ಮೋಟೋಕ್ರಾಸ್ ಫೋರ್ಕ್ ದೊಡ್ಡ ಹೊಡೆತ ನುಂಗಬೇಕು. ಟ್ರಯಲ್ಸ್ ಫೋರ್ಕ್ ಮುಷ್ಟಿಗಾತ್ರದ ಕಲ್ಲಿಗೂ ತಡಮಾಡದೆ ಒಳಗೆ ಹೋಗಬೇಕು, ಸವಾರ ಮೈಭಾರ ಹಾಕಿ ಅದುಮಿ ಬಿಟ್ಟಾಗ ಪ್ರತಿ ಸಲವೂ ಒಂದೇ ಹದದಲ್ಲಿ ಮೇಲೆ ಬರಬೇಕು. ಮುಂದಿನ ಚಕ್ರ ಎತ್ತಿ ಬಂಡೆಯ ಮೇಲಿಡುವ ಕೆಲಸವೆಲ್ಲ ಆ ಮರುಚಿಮ್ಮುವಿಕೆಯ ಮೇಲೆ ನಿಂತಿದೆ. ಫೋರ್ಕ್ ಒಮ್ಮೆ ಹಿಡಿದು ಒಮ್ಮೆ ಬಿಟ್ಟರೆ ಎಂಥ ಸವಾರನಿಗೂ ಲೆಕ್ಕ ತಪ್ಪುತ್ತದೆ.

ಉಜ್ಜಾಟ ಎಷ್ಟಿದೆ ಅಂತ ತಿಳಿಯುವುದು ಹೇಗೆ

ಇದಕ್ಕೆ ಒಂದು ಸ್ಕೇಲು, ಬೈಕ್ ನೆಟ್ಟಗೆ ಹಿಡಿಯಲು ಇನ್ನೊಬ್ಬರು ಇದ್ದರೆ ಸಾಕು. ಹ್ಯಾಂಡಲ್ ಹಿಡಿದು ಮುಂಭಾಗವನ್ನು 50 ಮಿ.ಮೀ. ಅದುಮಿ, ತೀರಾ ನಿಧಾನವಾಗಿ ಕೈ ಸಡಿಲಿಸಿ. ಅದು ನಿಂತ ಜಾಗದಲ್ಲಿ ಆಕ್ಸಲ್‌ನಿಂದ ಕೆಳಗಿನ ಟೀವರೆಗಿನ ದೂರ ಬರೆದುಕೊಳ್ಳಿ. ಈಗ ಮುಂಭಾಗವನ್ನು ಮೇಲಕ್ಕೆತ್ತಿ, ಅಷ್ಟೇ ನಿಧಾನವಾಗಿ ಇಳಿಯಲು ಬಿಡಿ. ಮತ್ತೆ ಅಳೆಯಿರಿ. ಉಜ್ಜಾಟವೇ ಇಲ್ಲದಿದ್ದರೆ ಎರಡೂ ಅಳತೆ ಒಂದೇ ಬರಬೇಕು. ನಿಜದಲ್ಲಿ ಬರುವುದಿಲ್ಲ. 10 ಮಿ.ಮೀ. ಒಳಗಿನ ವ್ಯತ್ಯಾಸ ಒಳ್ಳೆಯ ಫೋರ್ಕ್‌ನ ಲಕ್ಷಣ. 20 ದಾಟಿದರೆ ಸ್ಪ್ರಿಂಗ್ ಬಗ್ಗೆ ಮಾತಾಡುವ ಹೊತ್ತು ಇನ್ನೂ ಬಂದಿಲ್ಲ. ಎರಡೂ ಸ್ಪ್ರಿಂಗ್ ಸೇರಿ ಮಿ.ಮೀ.ಗೆ 0.84 ಕೆ.ಜಿ. ಅಂತಿಟ್ಟುಕೊಂಡರೆ, 20 ಮಿ.ಮೀ. ವ್ಯತ್ಯಾಸ ಅಂದರೆ ಎರಡೂ ದಿಕ್ಕಿಗೆ ಎಂಟೆಂಟು ಕೆ.ಜಿ.ಗೂ ಮೀರಿದ ಹಿಡಿತ. ಅಷ್ಟಕ್ಕಿಂತ ಕಡಿಮೆ ಬಲ ಬಿದ್ದಾಗ ಫೋರ್ಕ್ ಅಲುಗುವುದೇ ಇಲ್ಲ, ಕಲ್ಲಿನ ಪೆಟ್ಟು ನೇರ ಕೈಗೆ ಬರುತ್ತದೆ.

ಆಕ್ಸಲ್ ನಟ್, ಬಾಟಮ್‌ನ (ಪೈಪ್ ಒಳಗೆ ಜಾರುವ ಕೆಳಗಿನ ಅಲ್ಯೂಮಿನಿಯಂ ಕಾಲು) ಪಿಂಚ್ ಬೋಲ್ಟ್, ಮಡ್‌ಗಾರ್ಡ್ ಬೋಲ್ಟ್ ಎಲ್ಲ ಸಡಿಲ ಮಾಡಿ ಇದೇ ಪರೀಕ್ಷೆ ಇನ್ನೊಮ್ಮೆ ಮಾಡಿ. ವ್ಯತ್ಯಾಸ ಅರ್ಧಕ್ಕೆ ಇಳಿದರೆ ತೊಂದರೆ ಫೋರ್ಕ್‌ನ ಒಳಗಿಲ್ಲ, ಜೋಡಣೆಯಲ್ಲಿದೆ. ಖುಷಿಯ ಸುದ್ದಿ, ಯಾಕೆಂದರೆ ಇದಕ್ಕೆ ಖರ್ಚಿಲ್ಲ.

ಬಿಚ್ಚುವಾಗ

ಚಕ್ರ ತೆಗೆಯುವ ಮೊದಲು ಮೂರು ಕೆಲಸ. ಮೇಲಿನ ಟೀಯ ಪಿಂಚ್ ಬೋಲ್ಟ್ ಸಡಿಲಿಸಿ, ಪೈಪಿನ ಮೇಲಿನ ಮುಚ್ಚಳದ ನಟ್ಟನ್ನು ಕಾಲು ಸುತ್ತು ಬಿಡಿಸಿ. ಪೈಪ್ ಹೊರಗೆ ಬಂದ ಮೇಲೆ ಅದನ್ನು ಹಿಡಿದು ಆ ನಟ್ ತಿರುಗಿಸುವುದು ಕಷ್ಟ. ಎರಡನೆಯದು, ಬಾಟಮ್‌ನ ತಳದಲ್ಲಿರುವ ಡ್ಯಾಂಪರ್ ರಾಡ್ (ಆಯಿಲ್ ಹರಿವನ್ನು ತಡೆಯುವ ತೂತುಗಳಿರುವ ಒಳಗೊಳವೆ) ಬೋಲ್ಟನ್ನು ಸ್ಪ್ರಿಂಗ್ ಒಳಗಿರುವಾಗಲೇ ಸಡಿಲಿಸಿ. ಸ್ಪ್ರಿಂಗಿನ ಒತ್ತಡವೇ ರಾಡ್ ತಿರುಗದಂತೆ ಹಿಡಿದಿರುತ್ತದೆ. ಸ್ಪ್ರಿಂಗ್ ತೆಗೆದ ಮೇಲೆ ಬೋಲ್ಟ್ ತಿರುಗಿಸಿದರೆ ರಾಡೂ ಜೊತೆಗೇ ಸುತ್ತುತ್ತದೆ. ಹಾಗಾದರೆ ಗಟ್ಟಿ ಮರದ ಕೋಲಿನ ತುದಿ ಚೂಪು ಮಾಡಿ, ಮೇಲಿನಿಂದ ರಾಡಿನ ತಲೆಗೆ ಒತ್ತಿ ಹಿಡಿಯಬೇಕು. ಮೂರನೆಯದು, ಎಡ ಬಲ ಗುರುತು. ಬ್ರೇಕ್ ಪ್ಲೇಟ್ ತಡೆಯುವ ಕಡೆಯ ಬಾಟಮ್ ಬೇರೆ, ಸವೆತವೂ ಬೇರೆ. ಕಲೆಸಿಬಿಟ್ಟರೆ ಆಮೇಲೆ ಯಾವ ಅಳತೆ ಯಾವುದರದು ಅಂತ ತಿಳಿಯುವುದಿಲ್ಲ.

ಮುಚ್ಚಳ ಪೂರ್ತಿ ತೆಗೆಯುವಾಗ ಅಂಗೈ ಒತ್ತಿ ಹಿಡಿದಿರಿ, ಮುಖ ಬದಿಗಿರಲಿ. ಪ್ರೀಲೋಡ್ ಇರುವ, ಅಂದರೆ ಜೋಡಿಸುವಾಗಲೇ ಅದುಮಿಟ್ಟ ಸ್ಪ್ರಿಂಗ್ ಕೊನೇ ಸುತ್ತಿನಲ್ಲಿ ಹಾರುತ್ತದೆ. ಆರ್‌ಎಕ್ಸ್ 100ರ ಫೋರ್ಕ್ ಬಿಚ್ಚಿದವರಿಗೆ ಇದೆಲ್ಲ ಗೊತ್ತಿರುವ ದಾರಿಯೇ. ಅದೂ ಇದೇ ಡ್ಯಾಂಪರ್ ರಾಡ್ ಜಾತಿ. ಇಲ್ಲಿ ಹೇಳುವ ಬಹುಪಾಲು ಅದಕ್ಕೂ ಹೊಂದುತ್ತದೆ, ಸಂಖ್ಯೆಗಳು ಮಾತ್ರ ಬೇರೆ.

ಪೈಪು, ಟೀ, ಬಾಟಮ್

ಪೈಪನ್ನು ಎರಡು ವಿ-ಬ್ಲಾಕ್ ಮೇಲಿಟ್ಟು ನಡುವೆ ಡಯಲ್ ಗೇಜ್ ತಾಗಿಸಿ ನಿಧಾನ ತಿರುಗಿಸಿ. ಮುಳ್ಳಿನ ಪೂರ್ತಿ ಓಟ 0.1 ಮಿ.ಮೀ. ಒಳಗಿದ್ದರೆ ಮುಟ್ಟಬೇಡಿ. 0.2 ದಾಟಿದರೆ ಪ್ರೆಸ್‌ನಲ್ಲಿ ಬೆಂಡ್ ತೆಗೆಸಬೇಕು. ಬಾಗು ಸಾಮಾನ್ಯವಾಗಿ ಕೆಳಗಿನ ಟೀಯ ಕೆಳಅಂಚಿನಲ್ಲೇ ಇರುತ್ತದೆ, ಬಿದ್ದಾಗ ಬಲವೆಲ್ಲ ಅಲ್ಲಿ ಸೇರುವುದರಿಂದ. ಅಲ್ಲಿ ಪೈಪಿನ ಮೈ ಸುಕ್ಕಾಗಿದ್ದರೆ, ಅಂದರೆ ಬೆರಳಿಗೆ ಒಂದು ಏರು ಸಿಕ್ಕರೆ, ಅದನ್ನು ನೆಟ್ಟಗೆ ಮಾಡುವ ಆಸೆ ಬಿಡಿ. ಹೊಸ ಪೈಪ್ ತರಿಸಿ. ಬೆಟೋರ್ ಅಳತೆಯ ಹೊಸ ಪೈಪುಗಳು ಸ್ಪೇನ್, ಇಂಗ್ಲೆಂಡಿನ ಬಿಡಿಭಾಗದವರಲ್ಲಿ ಸಿಗುತ್ತವೆ.

ಕ್ರೋಮ್‌ನಲ್ಲಿ ತುಕ್ಕಿನ ಗುಳಿ ಎಲ್ಲಿವೆ ನೋಡಿ. ಟೀಗಳ ನಡುವೆ ಇದ್ದರೆ ಅಂದದ ವಿಚಾರ ಅಷ್ಟೇ. ಸೀಲ್ ಓಡಾಡುವ ಜಾಗದಲ್ಲಿದ್ದರೆ ಹೊಸ ಸೀಲನ್ನೂ ಬೇಗ ಹರಿದುಹಾಕುತ್ತದೆ. ಹಾರ್ಡ್ ಕ್ರೋಮ್ ಮಾಡಿಸುವುದಾದರೆ ಹಳೇ ಕ್ರೋಮ್ ತೆಗೆದು, ಗ್ರೈಂಡ್ ಮಾಡಿ, ದಪ್ಪಗೆ ಪ್ಲೇಟಿಂಗ್ ಹಾಕಿ, ಮತ್ತೆ ಅಳತೆಗೆ ಗ್ರೈಂಡ್ ಮಾಡಬೇಕು. ಬೆಂಗಳೂರಿನಲ್ಲಿರುವವರಿಗೆ ಪೀಣ್ಯದಲ್ಲಿ ಹೈಡ್ರಾಲಿಕ್ ರಾಡುಗಳಿಗೆ ಇದೇ ಕೆಲಸ ಮಾಡುವ ಅಂಗಡಿಗಳಿವೆ. ಅವರಿಗೆ "35 ಎಂಎಂ ಮಾಡಿ" ಅಂತ ಹೇಳಬೇಡಿ. ಟೀಯೊಳಗೆ ಕೂತು ಸವೆಯದೆ ಉಳಿದ ಭಾಗವನ್ನು ಮೈಕ್ರೋಮೀಟರಿನಲ್ಲಿ ಅಳೆದು, ಆ ಅಳತೆ ಬರೆದು ಕೊಡಿ. ಪ್ಲೇಟಿಂಗ್ ಆದ ಕೆಲವೇ ಗಂಟೆಗಳಲ್ಲಿ 200 ಡಿಗ್ರಿ ಆಸುಪಾಸಿನ ಓವನ್‌ನಲ್ಲಿ ಬೇಯಿಸಲೂ ಹೇಳಿ. ಪ್ಲೇಟಿಂಗ್ ವೇಳೆ ಉಕ್ಕಿನೊಳಗೆ ಹೊಕ್ಕ ಹೈಡ್ರೋಜನ್ ಹೊರಗೆ ಹೋಗದಿದ್ದರೆ ಗಟ್ಟಿ ಉಕ್ಕು ಪೆಡಸಾಗುತ್ತದೆ.

ಟೀ ತಿರುಚಿದೆಯೋ ಅನ್ನುವುದಕ್ಕೆ ದಪ್ಪ ಗಾಜಿನ ತುಂಡು ಬೇಕು. ನೆಟ್ಟಗಿರುವ ಎರಡು ಪೈಪುಗಳನ್ನು ಟೀಗಳಲ್ಲಿ ಕೂರಿಸಿ, ಬೋಲ್ಟ್ ಬಿಗಿಮಾಡಿ, ಟೀಗಿಂತ ಕೆಳಗೆ ಪೈಪುಗಳ ಮೇಲೆ ಗಾಜನ್ನು ಅಡ್ಡ ಇಡಿ. ನಾಲ್ಕೂ ಮೂಲೆ ಕೂತರೆ ಸರಿ. ಒಂದು ಮೂಲೆ ಒತ್ತಿದಾಗ ಎದುರು ಮೂಲೆ ಟಕ್ ಅಂತ ಎದ್ದರೆ ಪೈಪುಗಳು ಒಂದೇ ಸಮತಲದಲ್ಲಿಲ್ಲ. ಸಾಕಷ್ಟು ಸಲ ಬೋಲ್ಟ್ ಸಡಿಲಿಸಿ ಪೈಪುಗಳನ್ನು ತಿರುವಿ ಮತ್ತೆ ಬಿಗಿಮಾಡಿದರೆ ಸರಿಹೋಗುತ್ತದೆ. ಹೋಗದಿದ್ದರೆ ಟೀಯನ್ನೇ ನೆಟ್ಟಗೆ ಮಾಡಿಸಬೇಕು ಅಥವಾ ಬದಲಿಸಬೇಕು. ಇದಾದ ಮೇಲೆ ಸ್ಪ್ರಿಂಗಿಲ್ಲದೆ ಬಾಟಮ್‌ಗಳನ್ನು ಹಾಕಿ ಆಕ್ಸಲ್ ತೂರಿಸಿ ನೋಡಿ. ಒಂದು ಬಾಟಮ್ ದಾಟಿದ ಆಕ್ಸಲ್ ಇನ್ನೊಂದರ ತೂತಿಗೆ ಬೆರಳಿನ ಒತ್ತಡದಲ್ಲೇ ಜಾರಿ ಹೋಗಬೇಕು. ಸುತ್ತಿಗೆ ಬೇಕಾಯಿತು ಅಂದರೆ ಅಷ್ಟು ಬಲದಲ್ಲಿ ಎರಡು ಕಾಲುಗಳು ಸದಾ ಒಂದನ್ನೊಂದು ಎಳೆಯುತ್ತಲೇ ಇರುತ್ತವೆ.

ಆ ಕಾಲದ ಹಲವು ಫೋರ್ಕ್‌ಗಳಲ್ಲಿ ಬಾಟಮ್‌ಗೆ ಬದಲಿಸುವ ಬುಷ್ ಇರುವುದಿಲ್ಲ. ಪೈಪ್ ನೇರ ಅಲ್ಯೂಮಿನಿಯಂ ಮೈಮೇಲೇ ಜಾರುತ್ತದೆ. ಸವೆತ ಬಾಟಮ್‌ನ ಮೇಲ್ಬಾಯಿಯಲ್ಲಿ, ಹಿಂದೆ ಮುಂದೆ ದಿಕ್ಕಿನಲ್ಲಿ ಜಾಸ್ತಿ. ಪೈಪನ್ನು ಪೂರ್ತಿ ಹೊರಗೆಳೆದ ಸ್ಥಿತಿಯಲ್ಲಿ ಅಲುಗಿಸಿ ಡಯಲ್ ಗೇಜಿನಲ್ಲಿ ಓದಿ. ಬಾಯಿಯಲ್ಲಿ 0.3 ಮಿ.ಮೀ. ದಾಟಿದ ಪ್ಲೇ ಇದ್ದರೆ ಲೇತಿನಲ್ಲಿ ಬೋರ್ ಮಾಡಿಸಿ ಕಂಚಿನ ಬುಷ್ ಹಾಕಿಸಬಹುದು, 0.05ರಿಂದ 0.08 ಮಿ.ಮೀ. ಜಾಗ ಬಿಟ್ಟು. ಅದಕ್ಕಿಂತ ಬಿಗಿಮಾಡುವ ಆಸೆ ಬೇಡ. ಹೊಸ ಬುಷ್ ಬಿಗಿಯಾದರೆ ಇಡೀ ಕೆಲಸ ಮಾಡಿದ್ದೇ ಉಜ್ಜಾಟ ಹೆಚ್ಚಿಸಲು ಎಂಬಂತಾಗುತ್ತದೆ. ಬೋರ್ ಮಾಡುವವರು ಬಾಟಮ್‌ನ ಹೊರಮೈ ಹಿಡಿದು ಮಧ್ಯ ನೋಡಿದರೆ ಕೆಲಸ ಕೆಡುತ್ತದೆ, ಎರಕದ ಹೊರಮೈ ಎಂದೂ ನಿಖರವಲ್ಲ. ಒಳಗಿನ ಸವೆಯದ ತಳಭಾಗವನ್ನೇ ಆಧಾರ ಮಾಡಿಕೊಳ್ಳಬೇಕು.

ಸೀಲು ಸಾಮಾನ್ಯವಾಗಿ 35×47×10 ಅಳತೆಯದು, ಆದರೂ ವರ್ನಿಯರ್ ಹಾಕಿಯೇ ತನ್ನಿ. ಕೂರಿಸುವ ಮೊದಲು ಪೈಪಿನ ತುದಿಗೆ ತೆಳು ಪ್ಲಾಸ್ಟಿಕ್ ಚೀಲ ಸುತ್ತಿ ಗ್ರೀಸ್ ಹಚ್ಚಿದರೆ ತುಟಿ ಹರಿಯುವುದಿಲ್ಲ. ರಬ್ಬರಿಗೆ ಆಗಿಬರುವ ಗ್ರೀಸೇ ಇರಲಿ. ಧೂಳು ತಡೆಯಲು ರಬ್ಬರ್ ಗೇಟರ್ ಹಾಕುವುದಾದರೆ ಅದರ ಗಾಳಿತೂತು ಹಿಂಬದಿಗೆ ಬರಲಿ. ತೂತು ಮುಚ್ಚಿದರೆ ಗೇಟರೇ ಇನ್ನೊಂದು ಗಾಳಿ ಸ್ಪ್ರಿಂಗ್ ಆಗುತ್ತದೆ.

ಸ್ಪ್ರಿಂಗ್ ಲೆಕ್ಕ

ಈಗ ಸ್ಪ್ರಿಂಗ್. ಕೈಯಲ್ಲಿರುವುದು ಎಷ್ಟು ಗಟ್ಟಿ ಅಂತ ಮೊದಲು ತಿಳಿಯಬೇಕು. ತೂಕದ ಯಂತ್ರವನ್ನು ಡ್ರಿಲ್ ಪ್ರೆಸ್ ಅಡಿ ಇಟ್ಟು, ಸ್ಪ್ರಿಂಗ್ ಬಾಗದಂತೆ ಒಳಗೊಂದು ರಾಡ್ ಹಾಕಿ, 25 ಮಿ.ಮೀ. ಅದುಮಿದಾಗ ಒಂದು ತೂಕ, 75ಕ್ಕೆ ಇನ್ನೊಂದು ತೂಕ ಬರೆದುಕೊಳ್ಳಿ. 10.5 ಮತ್ತು 31.5 ಕೆ.ಜಿ. ಬಂತು ಅಂದರೆ 50 ಮಿ.ಮೀ.ಗೆ 21 ಕೆ.ಜಿ., ಹಾಗಾಗಿ ಮಿ.ಮೀ.ಗೆ 0.42 ಕೆ.ಜಿ. ಸೊನ್ನೆಯಿಂದ ಶುರುಮಾಡಬೇಡಿ, ತುದಿಯ ಸುತ್ತುಗಳು ಕೂರುವಾಗ ಲೆಕ್ಕ ಕೆಡುತ್ತದೆ. ಕೆಳಗಿನ ಲೆಕ್ಕಕ್ಕೆ ಕಾಲಿಗೊಂದರಂತೆ 0.42ರ ಎರಡು ಸ್ಪ್ರಿಂಗನ್ನೇ ಹಿಡಿಯೋಣ. ಒಟ್ಟು 0.84.

ಬೈಕ್ 92 ಕೆ.ಜಿ., ಸವಾರ ಹೆಲ್ಮೆಟ್ ಬೂಟು ಸಮೇತ 75. ಒಟ್ಟು 167. ನಿಂತ ಸ್ಥಿತಿಯಲ್ಲಿ ಮುಂದಿನ ಚಕ್ರಕ್ಕೆ ಇದರ ನೂರಕ್ಕೆ 45 ಭಾಗ ಬಿದ್ದರೆ 75 ಕೆ.ಜಿ. ಅದರಲ್ಲಿ ಚಕ್ರ, ಡ್ರಮ್ಮು, ಬಾಟಮ್‌ಗಳ 12 ಕೆ.ಜಿ. ಸ್ಪ್ರಿಂಗಿನ ಕೆಳಗಿದೆ, ಕಳೆಯಿರಿ. ಉಳಿದದ್ದು 63. ಪ್ರೀಲೋಡ್ 20 ಮಿ.ಮೀ. ಇಟ್ಟರೆ ಅದೇ 17 ಕೆ.ಜಿ. ಹೊರುತ್ತದೆ. ಮಿಕ್ಕ 46ನ್ನು 0.84ರಿಂದ ಭಾಗಿಸಿದರೆ 55 ಮಿ.ಮೀ. ಒಳಗಿನ ಗಾಳಿಯ ಒತ್ತಡ ಇನ್ನೊಂದು ಐದು ಕೆ.ಜಿ. ಹೊರುವುದರಿಂದ ಬೈಕ್ 50ರ ಹತ್ತಿರ ನಿಲ್ಲುತ್ತದೆ. ಓಟ, ಅಂದರೆ ಕುಗ್ಗಬಲ್ಲ ದೂರ, 170 ಮಿ.ಮೀ. ಇರುವ ಫೋರ್ಕ್‌ಗೆ ಇದು ಮೂರರಲ್ಲೊಂದು ಭಾಗಕ್ಕೆ ತುಸು ಕಡಿಮೆ. ನಾನು ಶುರುಮಾಡಲು ಹೇಳುವುದು ಇಲ್ಲಿಂದಲೇ. ಈ ಇಳಿತವನ್ನು ಯಾವಾಗಲೂ ಸವಾರ ಫುಟ್‌ರೆಸ್ಟ್ ಮೇಲೆ ನಿಂತು, ಎಂದಿನ ಭಂಗಿಯಲ್ಲೇ ಅಳೆಯಬೇಕು. ಕೂತು ಅಳೆದ ಸಂಖ್ಯೆ ಟ್ರಯಲ್ಸ್‌ಗೆ ಉಪಯೋಗಕ್ಕೆ ಬಾರದು.

ಇಳಿತ 70 ದಾಟಿ ಪ್ರೀಲೋಡ್ 40 ಹಾಕಿದರೂ ಸಾಲದೆ ಬಂದರೆ ಸ್ಪ್ರಿಂಗ್ ಮೆತ್ತಗಾಗಿದೆ. ಪ್ರೀಲೋಡ್ ಸ್ಪ್ರಿಂಗನ್ನು ಗಟ್ಟಿ ಮಾಡುವುದಿಲ್ಲ, ಎಲ್ಲಿಂದ ಶುರು ಅನ್ನುವುದನ್ನಷ್ಟೇ ಬದಲಿಸುತ್ತದೆ. ಅತಿಯಾದ ಪ್ರೀಲೋಡ್ ಹಾಕಿದ ಫೋರ್ಕ್ ಮುಂದಿನ ಚಕ್ರ ಎತ್ತಿದ ಪ್ರತಿ ಸಲವೂ ಮೇಲಿನ ತುದಿಗೆ ಟಣ್ ಅಂತ ಬಡಿಯುತ್ತದೆ.

ಗಟ್ಟಿ ಮಾಡಲು ಹಳೇ ಸ್ಪ್ರಿಂಗ್ ಕತ್ತರಿಸುವುದುಂಟು. ಕೆಲಸ ಮಾಡುವ ಸುತ್ತು 44 ಇದ್ದರೆ, 4 ಕತ್ತರಿಸಿದಾಗ ಗಟ್ಟಿತನ 44/40, ಅಂದರೆ ನೂರಕ್ಕೆ 10 ಹೆಚ್ಚು: 0.42 ಇದ್ದದ್ದು 0.46. ಹೋದ ಉದ್ದವನ್ನು ಸ್ಪೇಸರ್‌ನಿಂದ ತುಂಬಿಸಬೇಕು, ಕತ್ತರಿಸಿದ ತುದಿಯನ್ನು ಚಪ್ಪಟೆ ಮಾಡಬೇಕು. ಹೊಸದನ್ನು ಸುತ್ತಿಸುವುದಾದರೆ ತಂತಿಯ ದಪ್ಪದಲ್ಲಿ ಕಟ್ಟುನಿಟ್ಟಾಗಿರಿ. ಗಟ್ಟಿತನ ತಂತಿಯ ವ್ಯಾಸದ ನಾಲ್ಕನೇ ಘಾತಕ್ಕೆ ಹೋಗುತ್ತದೆ. 4 ಮಿ.ಮೀ. ತಂತಿ, 28 ಮಿ.ಮೀ. ಹೊರವ್ಯಾಸ, 44 ಸುತ್ತು ಇದ್ದರೆ 0.42 ಬರುತ್ತದೆ. ಅದೇ ತಂತಿ 4.1 ಆದರೆ ಅದೊಂದರಿಂದಲೇ ನೂರಕ್ಕೆ 10 ಏರಿಬಿಡುತ್ತದೆ. ಇನ್ನೊಂದು ಪರೀಕ್ಷೆ: ಎಲ್ಲ ಸುತ್ತೂ ಒಂದಕ್ಕೊಂದು ತಾಗುವ ಉದ್ದ, ಅಂದರೆ ತುದಿಯವು ಸೇರಿ 46 ಸುತ್ತಿಗೆ 184 ಮಿ.ಮೀ. ಅದಕ್ಕೆ ಓಟ 170, ಪ್ರೀಲೋಡ್ 20 ಸೇರಿಸಿದರೆ 374. ಸ್ಪ್ರಿಂಗಿನ ಬಿಡುಗಡೆ ಉದ್ದ ಇದಕ್ಕಿಂತ ಧಾರಾಳವಾಗಿ ಹೆಚ್ಚಿರಲೇಬೇಕು.

ಪ್ರೋಗ್ರೆಸ್ಸಿವ್ ಸ್ಪ್ರಿಂಗ್ ಬಗ್ಗೆ ನನ್ನ ಒಲವು ಕಡಿಮೆ. ಮೊದಲ ಭಾಗ ಮೆತ್ತಗಿರುವುದರಿಂದ ಬೈಕ್ ಅಲ್ಲೇ ಮುಳುಗಿ ಕೂರುತ್ತದೆ, ಸವಾರ ಅದುಮಿದಾಗ ಎಲ್ಲಿ ಗಟ್ಟಿಯಾಗುತ್ತದೆ ಅನ್ನುವುದು ಕೈಗೆ ತಿಳಿಯುವುದಿಲ್ಲ. ಸಮಗಟ್ಟಿಯ ಸ್ಪ್ರಿಂಗ್ ಹಾಕಿ, ಕೊನೆಯ ಗಟ್ಟಿತನವನ್ನು ಗಾಳಿಯಿಂದ ಪಡೆಯುವುದು ಮೇಲು.

ಆಯಿಲ್ ಮಟ್ಟ

ಕೈಪಿಡಿಯಲ್ಲಿ ಇಷ್ಟು ಸಿಸಿ ಅಂತ ಬರೆದಿರುತ್ತದೆ. ಹೊಸ ಸ್ಪ್ರಿಂಗ್, ಸ್ಪೇಸರ್, ಬುಷ್ ಹಾಕಿದ ಮೇಲೆ ಆ ಸಂಖ್ಯೆಗೆ ಬೆಲೆಯಿಲ್ಲ. ಮಟ್ಟವನ್ನೇ ಅಳೆಯಿರಿ. ಸ್ಪ್ರಿಂಗ್ ಹೊರಗಿಟ್ಟು, ಪೈಪ್ ಪೂರ್ತಿ ಒಳಗೆ ತಳ್ಳಿ, ಆಯಿಲ್ ಸುರಿದು, ಹತ್ತು ಹದಿನೈದು ಸಲ ನಿಧಾನ ಪಂಪ್ ಮಾಡಿ, ಗುಳ್ಳೆ ಏಳಲು ಹತ್ತು ನಿಮಿಷ ಬಿಟ್ಟು, ಪೈಪಿನ ಬಾಯಿಯಿಂದ ಆಯಿಲ್‌ವರೆಗಿನ ದೂರ ಅಳೆಯಿರಿ. 150ರಿಂದ 160 ಮಿ.ಮೀ. ಶುರುವಿಗೆ ಸರಿ. ದೊಡ್ಡ ಇಂಜೆಕ್ಷನ್ ಸಿರಿಂಜಿಗೆ ಅಳತೆಯ ಕೊಳವೆ ಕಟ್ಟಿಕೊಂಡರೆ ಹೆಚ್ಚಾದದ್ದನ್ನು ಹೀರಿ ಎರಡೂ ಕಾಲನ್ನು ಸರಿಸಮ ಮಾಡಬಹುದು.

ಇದರ ಪರಿಣಾಮ ಚಿಕ್ಕದಲ್ಲ. ಪೈಪಿನ ಒಳವ್ಯಾಸ 31 ಮಿ.ಮೀ. ಅಂದುಕೊಳ್ಳಿ. 150 ಮಿ.ಮೀ. ಜಾಗದಲ್ಲಿ 113 ಸಿಸಿ ಗಾಳಿ. ಸ್ಪ್ರಿಂಗಿನ ಉಕ್ಕೇ 40 ಸಿಸಿಗೂ ಹೆಚ್ಚು ತಿನ್ನುತ್ತದೆ, ಉಳಿಯುವುದು 70ರಷ್ಟು. ಪೈಪ್ 170 ಮಿ.ಮೀ. ಒಳಗೆ ಬರುವಾಗ 163 ಸಿಸಿ ಜಾಗ ಮುಚ್ಚುತ್ತದೆ. ಅಂದರೆ 233 ಸಿಸಿ ಗಾಳಿ 70ಕ್ಕೆ ಕುಗ್ಗುತ್ತದೆ, ಒತ್ತಡ ಮೂರು ಪಟ್ಟು ಮೀರುತ್ತದೆ. ತಳ ಮುಟ್ಟುವ ಹೊತ್ತಿಗೆ ಪ್ರತಿ ಕಾಲಿನಲ್ಲೂ ಗಾಳಿಯೊಂದೇ ಸುಮಾರು 23 ಕೆ.ಜಿ. ಒತ್ತುತ್ತದೆ. ಮಟ್ಟವನ್ನು 180ಕ್ಕೆ ಇಳಿಸಿದರೆ ಅದೇ 17.5ರ ಆಸುಪಾಸು. ಓಟದ ಮೊದಲರ್ಧದಲ್ಲಿ ವ್ಯತ್ಯಾಸ ಕೈಗೆ ಅಷ್ಟಾಗಿ ತಿಳಿಯುವುದಿಲ್ಲ, ಕೊನೆಯಲ್ಲಿ ಮಾತ್ರ ಕಾಣಿಸುತ್ತದೆ. ಹಾಗಾಗಿ ಫೋರ್ಕ್ ತಳ ಬಡಿದರೆ ಸ್ಪ್ರಿಂಗ್ ಮುಟ್ಟುವ ಮೊದಲು ಆಯಿಲ್ 5 ಮಿ.ಮೀ. ಏರಿಸಿ ನೋಡಿ. ಇಳಿಸುವುದಕ್ಕೂ ಮಿತಿಯಿದೆ: ಫೋರ್ಕ್ ಪೂರ್ತಿ ಚಾಚಿದಾಗಲೂ ಡ್ಯಾಂಪರ್ ರಾಡಿನ ತಲೆ ಆಯಿಲಿನಲ್ಲಿ ಮುಳುಗಿರಬೇಕು. ಇಲ್ಲದಿದ್ದರೆ ಗಾಳಿ ಹೀರಿ ನೊರೆಯಾಗುತ್ತದೆ, ಡ್ಯಾಂಪಿಂಗ್ ಮಾಯ.

ಆಯಿಲ್ ಡಬ್ಬದ ಮೇಲಿನ 5, 10 ಅನ್ನುವ ಅಂಕಿಗಳನ್ನು ನಂಬಬೇಡಿ. ಒಂದು ಕಂಪನಿಯ 10 ಇನ್ನೊಂದರ 5ಕ್ಕೆ ಹತ್ತಿರವಿರಬಹುದು. 40 ಡಿಗ್ರಿಯಲ್ಲಿ ಎಷ್ಟು ಸೆಂಟಿಸ್ಟೋಕ್ಸ್ (ಆಯಿಲ್ ದಪ್ಪದ ಅಳತೆ) ಅನ್ನುವ ಸಂಖ್ಯೆ ಹೋಲಿಸಿ. ಸ್ಕಾಟ್ಲೆಂಡಿನ ಮೇ ತಿಂಗಳ ಬೆಳಗಿನ ಚಳಿಗೆ ಹದವಾದ ಆಯಿಲ್ ಬೆಂಗಳೂರಿನ ಮಧ್ಯಾಹ್ನಕ್ಕೆ ನೀರಾಗುತ್ತದೆ, ಅದೂ ಲೆಕ್ಕದಲ್ಲಿರಲಿ.

ಡ್ಯಾಂಪರ್ ರಾಡು

ರಾಡಿನ ಕೆಳತುದಿಯ ದೊಡ್ಡ ತೂತುಗಳಲ್ಲಿ ಆಯಿಲ್ ನುಗ್ಗುವುದರಿಂದ ಒಳಹೋಗುವ ತಡೆ, ತಲೆಯ ಬಳಿಯ ಸಣ್ಣ ತೂತಿನಿಂದ ಹೊರಬರುವ ತಡೆ. ತೂತಿನ ತಡೆ ವೇಗದ ವರ್ಗಕ್ಕೆ ಏರುತ್ತದೆ. ವೇಗ ದುಪ್ಪಟ್ಟಾದರೆ ತಡೆ ನಾಲ್ಕು ಪಟ್ಟು. ಅದಕ್ಕೇ ಈ ಜಾತಿಯ ಫೋರ್ಕ್ ನಿಧಾನದಲ್ಲಿ ಸಡಿಲ, ಚೂಪಾದ ಪೆಟ್ಟಿಗೆ ಕಲ್ಲು. ಹಾಗಂತ ಡ್ರಿಲ್ ಹಿಡಿದು ಹೊರಡಬೇಡಿ. 5 ಮಿ.ಮೀ. ತೂತನ್ನು 6 ಮಾಡಿದರೆ ವಿಸ್ತೀರ್ಣ 1.44 ಪಟ್ಟು, ತಡೆ ಅರ್ಧಕ್ಕಿಂತಲೂ ಕೆಳಗೆ. ಅರ್ಧ ಮಿ.ಮೀ.ನಂತೆ ಹೋಗಿ, ಪ್ರತಿ ಹೆಜ್ಜೆಗೂ ಓಡಿಸಿ ನೋಡಿ, ಒಳಗಿನ ಚೂರು ಅಂಚುಗಳನ್ನು ಪೂರ್ತಿ ತೆಗೆಯಿರಿ.

ಮರುಚಿಮ್ಮುವಿಕೆ ಕಡಿವಾಣವಿಲ್ಲದಂತಿದ್ದರೆ ಆಯಿಲ್ ದಪ್ಪ ಮಾಡುವ ಮೊದಲು ರಾಡ್ ತಲೆಯ ಪಿಸ್ಟನ್ ರಿಂಗ್ ನೋಡಿ. ಅದು ಸವೆದು ಪೈಪಿನ ಒಳಮೈಗೆ ಸಡಿಲವಾದರೆ ಆಯಿಲ್ ತೂತಿಗೆ ಹೋಗದೆ ಪಕ್ಕದಿಂದಲೇ ಜಾರಿಕೊಳ್ಳುತ್ತದೆ. ಚಿಕ್ಕ ರಿಂಗು, ಬದಲಿಸಿದರೆ ಫೋರ್ಕ್‌ನ ನಡವಳಿಕೆಯೇ ಬೇರೆ.

ರೇಸ್ ಟೆಕ್ ಎಮ್ಯುಲೇಟರ್ ಥರದ ಕವಾಟ ಹಾಕುವುದು ಇದರ ಮುಂದಿನ ಮೆಟ್ಟಿಲು. ಅದು ರಾಡಿನ ತಲೆಯ ಮೇಲೆ ಕೂರುತ್ತದೆ, ಫೋರ್ಕ್ ಸ್ಪ್ರಿಂಗೇ ಅದನ್ನು ಒತ್ತಿ ಹಿಡಿಯುತ್ತದೆ. ಒಳಹೋಗುವ ತಡೆಯೆಲ್ಲ ಕವಾಟಕ್ಕೇ ಸಿಗಲಿ ಎಂದು ರಾಡಿನ ಕೆಳಗಿನ ತೂತುಗಳನ್ನು 8 ಮಿ.ಮೀ.ನ ಆರಕ್ಕೆ ಏರಿಸಬೇಕು. ಜೋಡಿ ಜೋಡಿಯಾಗಿ, ಒಂದು ಜೋಡಿಗೆ ಇನ್ನೊಂದು ಅಡ್ಡಲಾಗಿ, ನಡುವೆ ಕನಿಷ್ಠ 10 ಮಿ.ಮೀ. ಬಿಟ್ಟು. ಎಲ್ಲ ಒಂದೇ ಸಾಲಿನಲ್ಲಿ ಕೊರೆದರೆ ರಾಡ್ ದುರ್ಬಲ. ಮೇಲಿನ ಸಣ್ಣ ತೂತನ್ನು ಮುಟ್ಟಬಾರದು, ಹೊರಬರುವ ತಡೆ ಅಲ್ಲೇ, ಅದನ್ನು ಆಯಿಲಿನಿಂದಲೇ ಹದ ಮಾಡಬೇಕು. ಕವಾಟದ ದಪ್ಪದಷ್ಟು ಸ್ಪೇಸರ್ ಗಿಡ್ಡ ಮಾಡುವುದನ್ನು ಮರೆತರೆ ಪ್ರೀಲೋಡ್ ಅಷ್ಟೇ ಏರಿರುತ್ತದೆ. ರಸ್ತೆ ಬೈಕಿಗೆ ಹೇಳಿದ ಸೆಟ್ಟಿಂಗ್ ಟ್ರಯಲ್ಸ್‌ಗೆ ತೀರಾ ಗಟ್ಟಿ. ಇರುವುದರಲ್ಲೇ ಮೆತ್ತನೆಯ ಕವಾಟ ಸ್ಪ್ರಿಂಗ್, ಕನಿಷ್ಠ ಬಿಗಿತದಿಂದ ಶುರುಮಾಡಿ. ಕೊರೆದ ರಾಡ್ ಮತ್ತೆ ಹಳೆಯದಾಗುವುದಿಲ್ಲ, ಹೆಚ್ಚುವರಿ ಜೋಡಿ ರಾಡ್ ಇಟ್ಟುಕೊಂಡೇ ಕೈಹಾಕಿ. ನನ್ನ ಅಭಿಪ್ರಾಯದಲ್ಲಿ, ಉಜ್ಜಾಟ ಹೋಗಿ ಸ್ಪ್ರಿಂಗ್ ಸರಿಯಾದ ಶೆರ್ಪಾಗೆ ಬಹಳ ಜನಕ್ಕೆ ಇದರ ಅಗತ್ಯವೇ ಬೀಳುವುದಿಲ್ಲ.

ಬೇರೆ ಫೋರ್ಕ್ ಹಾಕುವುದಾದರೆ

ಇಟಲಿಯ ಮಾರ್ಜೋಕಿಯಂಥ ಆಮೇಲಿನ ಕಾಲದ ಫೋರ್ಕ್ ಕೂರಿಸುವವರಿದ್ದಾರೆ. ಟೀಯ ನಡುಕಂಬದ ವ್ಯಾಸ, ಉದ್ದ, ಬೇರಿಂಗ್ ಕೂರುವ ಜಾಗ, ಬ್ರೇಕ್ ಪ್ಲೇಟ್ ತಡೆಯುವ ಗೂಟ, ಆಕ್ಸಲ್ ವ್ಯಾಸ, ಒಟ್ಟು ಉದ್ದ ಇವೆಲ್ಲ ಹೊಂದಬೇಕು. ಬ್ರೇಕ್ ಪ್ಲೇಟಿನ ತಡೆಯನ್ನು ಎಂದೂ ಅಂದಾಜಿಗೆ ಬಿಡಬೇಡಿ, ಅದು ಕಿತ್ತರೆ ಚಕ್ರ ಲಾಕ್ ಆಗುತ್ತದೆ. ಆಡುವ ಕ್ಲಬ್ಬಿನ ನಿಯಮವನ್ನೂ ಮೊದಲೇ ಓದಿ. ಟ್ವಿನ್‌ಶಾಕ್ ವರ್ಗದಲ್ಲಿ ಸಾಮಾನ್ಯವಾಗಿ ಡ್ರಮ್ ಬ್ರೇಕ್, ಗಾಳಿಯಿಂದ ತಣಿಯುವ ಎಂಜಿನ್ ಬೇಕು. ಸ್ಕಾಟ್ಲೆಂಡಿನ ಕಿನ್‌ಲಾಕ್‌ಲೆವೆನ್‌ನಲ್ಲಿ ನಡೆಯುವ ಪ್ರಿ-65 (1965ಕ್ಕಿಂತ ಹಳೇ ಬೈಕುಗಳ ಆಟ) ಥರದ ಸ್ಪರ್ಧೆಗಳಲ್ಲಿ ಬೈಕಿನ ಕಾಲಮಾನವನ್ನು ಇನ್ನೂ ಬಿಗಿಯಾಗಿ ನೋಡುತ್ತಾರೆ.

ಪೈಪನ್ನು ಟೀಯಲ್ಲಿ ಮೇಲಕ್ಕೆ ಸರಿಸುವುದು ಇದಕ್ಕಿಂತ ಅಗ್ಗದ ಉಪಾಯ. 1310 ಮಿ.ಮೀ. ಚಕ್ರಾಂತರದ ಬೈಕಿನಲ್ಲಿ 10 ಮಿ.ಮೀ. ಸರಿಸಿದರೆ ಹ್ಯಾಂಡಲಿನ ಕೋನ ಸುಮಾರು 0.4 ಡಿಗ್ರಿ ಕಡಿದಾಗುತ್ತದೆ, ಇಕ್ಕಟ್ಟಿನ ತಿರುವಿನಲ್ಲಿ ಬೈಕ್ ಬೇಗ ಮಣಿಯುತ್ತದೆ. 15 ದಾಟಿದರೆ ಇಳಿಜಾರಿನಲ್ಲಿ ಮುಂಚಕ್ರ ಒಳಗೆ ಮಡಚಿಕೊಳ್ಳುವ ಭಯ ಶುರು. ಪೂರ್ತಿ ಕುಗ್ಗಿದಾಗ ಟೈರು ಎಕ್ಸಾಸ್ಟ್ ಪೈಪಿಗೋ ಮಡ್‌ಗಾರ್ಡ್ ಟೀಗೋ ತಾಗುವುದಿಲ್ಲವೆಂದು ಸ್ಪ್ರಿಂಗ್ ತೆಗೆದು ನೋಡಿಕೊಳ್ಳಿ.

ಜೋಡಿಸುವುದು

ತಳದ ಬೋಲ್ಟಿಗೆ ಹೊಸ ತಾಮ್ರದ ವಾಶರ್, ಇಲ್ಲವೇ ಹಳೆಯದನ್ನೇ ಕೆಂಪಗೆ ಕಾಯಿಸಿ ತಣಿಸಿ. ಎಳೆಗೆ ಒಂದು ಹನಿ ಥ್ರೆಡ್‌ಲಾಕ್. ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಗುಳಿಬಿದ್ದಿದ್ದರೆ ಈಗಲೇ ಬದಲಿಸಿ, ಗುಳಿಯಿರುವ ಹ್ಯಾಂಡಲ್‌ಗೆ ಎಂಥ ಫೋರ್ಕೂ ವ್ಯರ್ಥ.

ಬಿಗಿಮಾಡುವ ಸಾಲೇ ಇಡೀ ಕೆಲಸದ ಜೀವ. ಎರಡೂ ಟೀಯ ಬೋಲ್ಟ್ ಬಿಗಿಯಾಗಲಿ. ಆಕ್ಸಲ್ ತೂರಿಸಿ, ನಟ್ ಬಿಗಿಮಾಡಿ, ಆದರೆ ಇನ್ನೊಂದು ಬದಿಯ ಪಿಂಚ್ ಬೋಲ್ಟ್ ಸಡಿಲವೇ ಇರಲಿ. ಮುಂದಿನ ಬ್ರೇಕ್ ಹಿಡಿಯದೆ ಬೈಕನ್ನು ಐದಾರು ಸಲ ಜೋರಾಗಿ ಅದುಮಿ. ಸಡಿಲವಿರುವ ಕಾಲು ಆಕ್ಸಲ್ ಮೇಲೆ ತನಗೆ ಬೇಕಾದ ಜಾಗಕ್ಕೆ ಸರಿಯುವುದು ಕಣ್ಣಿಗೇ ಕಾಣುತ್ತದೆ, ಒಂದೆರಡು ಮಿ.ಮೀ. ಇರಬಹುದು. ಅಲ್ಲೇ ಪಿಂಚ್ ಬೋಲ್ಟ್ ಬಿಗಿಮಾಡಿ. ಮಡ್‌ಗಾರ್ಡ್ ಪಟ್ಟಿಯನ್ನು ಕೊನೆಗೆ ಕಟ್ಟಿ. ಪಟ್ಟಿಗೂ ಬಾಟಮ್‌ಗೂ ನಡುವೆ ಸಂದಿದ್ದರೆ ವಾಶರ್ ತುಂಬಿ, ಬೋಲ್ಟಿನಿಂದ ಎಳೆದು ಮುಚ್ಚಬೇಡಿ. ಆಮೇಲೆ ಮೊದಲಿನ ಏರಿಳಿತದ ಪರೀಕ್ಷೆ ಮತ್ತೆ ಮಾಡಿ, ಹಳೇ ಸಂಖ್ಯೆಯ ಪಕ್ಕ ಬರೆದಿಡಿ.

ಪೈಪಿಗೆ ಒಂದು ಕೇಬಲ್ ಟೈ ಸಡಿಲವಾಗಿ ಕಟ್ಟಿ ಸೀಲಿಗೆ ತಾಗಿಸಿ. ಅರ್ಧ ಮೀಟರ್ ಎತ್ತರದ ಮೆಟ್ಟಿಲಿನಿಂದ ನಿಧಾನವಾಗಿ ಇಳಿದಾಗ ಟೈ ಎಲ್ಲಿವರೆಗೆ ಹೋಯಿತು ನೋಡಿ. ಕೊನೆಗೆ 10-15 ಮಿ.ಮೀ. ಉಳಿದರೆ ಹದ. 40 ಉಳಿದರೆ ಆಯಿಲ್ ಇಳಿಸಿ. ಸಾಲು ಕಲ್ಲುಗಳ ಮೇಲೆ ಹೋದಾಗ ಬೈಕ್ ಬರಬರುತ್ತ ಮುಂದಕ್ಕೆ ಕುಗ್ಗುತ್ತಿದ್ದರೆ ಮರುಚಿಮ್ಮುವಿಕೆ ತೀರಾ ನಿಧಾನ, ಆಯಿಲ್ ತೆಳ್ಳಗೆ ಮಾಡಿ. ಕಲ್ಲಿನಿಂದ ಇಳಿದ ಚಕ್ರ ಒಮ್ಮೆ ಕುಪ್ಪಳಿಸಿ ಹಿಡಿತ ಬಿಟ್ಟರೆ ದಪ್ಪ ಆಯಿಲ್ ಹಾಕಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲ ಎರಡು ಸ್ಪರ್ಧೆಗಳಾದ ಮೇಲೆ ಆಯಿಲ್ ಪೂರ್ತಿ ಬಸಿದು ಬಿಳಿ ಬಟ್ಟಲಿಗೆ ಸುರಿದು ನೋಡಿ. ಹೊಸ ಬುಷ್ ಕೂರುವಾಗಿನ ಕಂಚಿನ ಪುಡಿ ಇರುವುದು ಸಹಜ. ಅಲ್ಯೂಮಿನಿಯಂನ ಬೂದುಬಣ್ಣ ಮತ್ತೆ ಕಂಡರೆ ಎರಡು ಕಾಲುಗಳು ಇನ್ನೂ ಎಲ್ಲೋ ಎಳೆದಾಡುತ್ತಿವೆ, ಆಕ್ಸಲ್ ಬಿಚ್ಚಿ ಜೋಡಣೆಯನ್ನು ಮತ್ತೆ ನೋಡಬೇಕು.